ದೀಪ ಹಚ್ಚುವ ಹೊತ್ತು ಮತ್ತು ಜರ್ಮನಿಯ ಹೀಟ್ ಪಂಪು

ಓದುವ ಎಲ್ಲರಿಗೂ ಶಹಾಪುರದ ಶರಣಪ್ಪನ ಶರಣು. ನಾನು ಫ್ರಿಜ್ಜು, ಕೂಲರು, ಎ.ಸಿ. ರಿಪೇರಿ ಮಾಡುವವನು, ಬರೆಯುವವನಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು ಮೂವತ್ನಾಲ್ಕನೇ ವಯಸ್ಸಿಗೆ ಹೊರಗಿನಿಂದ ಕಟ್ಟಿ ಹತ್ತನೇ ತರಗತಿ ಪಾಸು ಮಾಡಿದೆ. ಪರೀಕ್ಷೆಯ ದಿನ ನಾನು ಒಳಗೆ ಹೋದಾಗ ಹುಡುಗರೆಲ್ಲ ಮಾಸ್ತರರು ಬಂದರೆಂದು ಎದ್ದು ನಿಂತಿದ್ದರು. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ನನಗೆ ಒತ್ತಕ್ಷರ ಸಿಗದ ಕಡೆ ಫೋನು ತನಗೆ ತಿಳಿದದ್ದನ್ನು ಹಾಕುತ್ತದೆ. ಆದ್ದರಿಂದ ತಪ್ಪುಗಳಲ್ಲಿ ಅರ್ಧ ನನ್ನವು, ಅರ್ಧ ಅದರವು. ಎರಡನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಹಾಪುರ

ನನ್ನ ತಂಗಿ ನಾಗವೇಣಿ ಜರ್ಮನಿಯಲ್ಲಿ ನರ್ಸು. ಅವಳ ಗಂಡ ಮಲ್ಲಪ್ಪನವರು ಸುರಪುರದವರು, ಅದೇ ಆಸ್ಪತ್ರೆಯಲ್ಲಿ ಅವರೂ ನರ್ಸು. ಇಬ್ಬರೂ ಸೇರಿ ಅಲ್ಲಿ ಒಂದು ಹಳೆಯ ಮನೆ ಕೊಂಡಿದ್ದರು. ಹಿಂದಿನ ಮಾಲೀಕರು ಗೋಡೆಗೆಲ್ಲ ದಪ್ಪ ಹೊದಿಕೆ ಹಾಕಿಸಿ, ಕಿಟಕಿಗೆ ಮೂರು ಪದರ ಗಾಜು ಕೂಡಿಸಿ, ಬಿಸಿ ಸೋರದ ಮನೆ ಮಾಡಿಟ್ಟಿದ್ದರಂತೆ. ಒಂದನ್ನು ಮಾತ್ರ ಮುಟ್ಟಿರಲಿಲ್ಲ. ನೆಲಮಾಳಿಗೆಯಲ್ಲಿ ಎಣ್ಣೆ ಸುಟ್ಟು, ನೀರು ಕಾಯಿಸಿ, ಪೈಪಿನಲ್ಲಿ ಮನೆಯೆಲ್ಲ ತಿರುಗಿಸುವ ಹಳೆಯ ಬಾಯ್ಲರು ಇತ್ತು. ಅದು ನವೆಂಬರಿನಲ್ಲಿ ಸತ್ತುಹೋಯಿತು. ನಾಗವೇಣಿಗೆ ಆಗ ಏಳು ತಿಂಗಳು ತುಂಬಿತ್ತು. ಜನವರಿ ನಡುವೆ ಹೆರಿಗೆ ಎಂದಿದ್ದರು.

ಅವಳು ಫೋನ್ ಮಾಡಿದಳು.

"ಅಣ್ಣಾ, ಇಲ್ಲಿ ಎಲ್ಲಾರೂ ಹೀಟ್ ಪಂಪ್ ಹಾಕಸ್ರಿ ಅನ್ನಾಕತ್ಯಾರ. ಅದರಾಗೂ ಎರಡ ಥರಾ ಅದಾವಂತ. ನಮಗ ಒಂದೂ ತಿಳೀವಲ್ದು. ನೀ ಬಂದು ಆರಿಸಿ ಕೊಡು."

"ನಾ ಫ್ರಿಜ್ ರಿಪೇರಿ ಮಾಡಾಂವ ನಾಗೀ. ಅದು ಬಿಸಿ ಮಾಡೋ ಮಶೀನು."

"ಅದು ಉಲ್ಟಾ ಫ್ರಿಜ್ಜೇ ಅಂತಣ್ಣಾ."

ಹಾಗೆಂದ ಮೇಲೆ ನನಗೆ ತಿಳಿಯಿತು. ನನ್ನ ಅಂಗಡಿಯಲ್ಲಿ ಚಳಿಗಾಲಕ್ಕೆ ಬೆಕ್ಕು ಫ್ರಿಜ್ಜಿನ ಹಿಂದೆ ಮಲಗುತ್ತದೆ. ಫ್ರಿಜ್ಜು ತನ್ನ ಒಳಗಿನ ಬಿಸಿಯನ್ನು ಹೊತ್ತು ತಂದು ಹಿಂದುಗಡೆ ಚೆಲ್ಲುತ್ತದೆ, ಬೆಕ್ಕಿಗೆ ಅದು ಗೊತ್ತು. ಹೀಟ್ ಪಂಪು ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಬಿಸಿ ಹೊತ್ತು ತಂದು ಮನೆಯೊಳಗೆ ಚೆಲ್ಲುತ್ತದೆ. ಅಂದರೆ ಇಡೀ ಮನೆಯೇ ಬೆಕ್ಕಿನ ಜಾಗ.

ಅವ್ವನಿಗೆ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು, ಬರುವಂತಿರಲಿಲ್ಲ. ಬಾಣಂತಿಗೆಂದು ಒಂದು ಡಬ್ಬಿ ಅಂಟಿನ ಉಂಡಿ ಕಟ್ಟಿಕೊಟ್ಟಳು, ಒಂದು ಅಪ್ಪಣೆಯನ್ನೂ ಕೊಟ್ಟಳು.

"ಬಸರ ಹೆಣ್ಮಗಳಿರೋ ಮನಿ. ನೀ ಇರೋತನಕ ದೀಪ ಹಚ್ಚೋ ಹೊತ್ತಿಗಿ ದೀಪ ಹಚ್ಚಿ ತಲಬಾಗಲಾ ತಗದಿಡು. ಪೂರಾ ಕತ್ತಲಾಗೋತನಕ ಹಾಕಬ್ಯಾಡ. ಮುಚ್ಚಿದ ಬಾಗಲಕ್ಕ ಲಕ್ಷ್ಮಿ ಬರಂಗಿಲ್ಲ."

"ಆತವ್ವ" ಎಂದೆ. ಅದು ಹೇಳಿಸಿಕೊಂಡು ಮಾಡುವ ಕೆಲಸವೂ ಅಲ್ಲ. ನಮ್ಮ ಮನೆಯಲ್ಲಿ ಸಂಜೆ ಬಾಗಿಲು ತೆಗೆಯುವುದೆಂದರೆ ಬೆಳಿಗ್ಗೆ ಮುಖ ತೊಳೆದಂತೆ.

ಯಾದಗಿರಿ

ರೈಲು ಹತ್ತುವ ಮುಂಚೆ ಯಾದಗಿರಿಯಲ್ಲಿ ನನ್ನ ಉಸ್ತಾದ್ ಖಾಜಾಸಾಬರನ್ನು ನೋಡಲು ಹೋದೆ. ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತಿದ್ದೇನೆ. ಈಗ ಕಣ್ಣು ಮಂಜಾಗಿ ಅಂಗಡಿಯ ಮುಂದೆ ಸುಮ್ಮನೆ ಕೂತಿರುತ್ತಾರೆ.

"ಉಸ್ತಾದ್, ಜರ್ಮನಿಗಿ ಹೊಂಟೀನಿ. ಉಲ್ಟಾ ಫ್ರಿಜ್ ಆರಿಸಾಕ."

"ಉಲ್ಟಾ ಇರ್ಲಿ, ಸೀದಾ ಇರ್ಲಿ" ಎಂದರು. "ಪೈಲೇ ದರ್ವಾಜಾ ದೇಖ್."

ಮೊದಲು ಬಾಗಿಲು ನೋಡು. ಇದು ಅವರ ಮೊದಲ ಪಾಠ, ಕೊನೆಯ ಪಾಠವೂ ಇದೇ. ಒಮ್ಮೆ ಗೋಗಿ ಊರಿನ ಸೋಡಾ ಅಂಗಡಿಯ ಫ್ರಿಜ್ಜು ತಣ್ಣಗಾಗುತ್ತಿರಲಿಲ್ಲ. ನಾನು ಹೋಗಿ ಎರಡು ಸಲ ಗ್ಯಾಸು ತುಂಬಿ ಬಂದೆ. ಮೂರನೇ ಸಲ ಉಸ್ತಾದರು ತಾವೇ ಬಂದರು. ಪಾನಾ, ಸ್ಕ್ರೂಡ್ರೈವರು ಯಾವುದನ್ನೂ ಮುಟ್ಟಲಿಲ್ಲ. ಎದುರಿನ ಬೆಂಚಿನ ಮೇಲೆ ಒಂದು ತಾಸು ಕೂತು ನಿಂಬೆ ಸೋಡಾ ಕುಡಿದರು. ಆಮೇಲೆ ಅಂಗಡಿಯವನನ್ನು ಕರೆದು, "ಫ್ರಿಜ್ ಬರೋಬ್ಬರಿ ಅದ. ನಿಮ್ಮ ಕಾಕಾಗ ಬ್ಯಾರೆ ಫ್ಯಾನ್ ಹಾಕ್ಸಿ ಕೊಡ್ರಿ" ಎಂದರು. ಅಂಗಡಿಯವನ ಕಾಕಾ ಸೆಖೆ ತಡೆಯದೆ ಗಳಿಗೆಗೊಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ನಿಲ್ಲುತ್ತಿದ್ದ.

ಈ ಕಥೆ ಇಲ್ಲಿ ಯಾಕೆಂದರೆ, ಜರ್ಮನಿಗೆ ಹೋಗುವಾಗ ನಾನು ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡು ಹೋಗಿದ್ದೆ.

ವಿಮಾನ

ಹೈದರಾಬಾದಿನಲ್ಲಿ ನನ್ನ ಕೈಚೀಲವನ್ನು ಪಕ್ಕಕ್ಕೆ ಎಳೆದರು. ಅದರಲ್ಲಿ ನನ್ನ ಗೇಜು ಇತ್ತು. ಗಡಿಯಾರದ ಹಾಗೆ ಮುಳ್ಳಿರುವ ಎರಡು ಬಿಲ್ಲೆ, ಮೂರು ಬಣ್ಣದ ಪೈಪು, ಗ್ಯಾಸಿನ ಒತ್ತಡ ನೋಡುವ ಸಾಧನ. "ಇದು ಏನು?" ಎಂದರು. "ಫ್ರಿಜ್ಜಿನ ಬಿ.ಪಿ. ನೋಡುವುದು" ಎಂದೆ. ಒಬ್ಬರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು. ಕೊನೆಗೆ ಬಂದ ಹಿರಿಯ ಅಧಿಕಾರಿಯ ಮನೆಯ ಫ್ರಿಜ್ಜು ಕೆಳಗಡೆ ನೀರು ಬಿಡುತ್ತಿತ್ತಂತೆ. ಹಿಂದಿನ ತೂತಿನಲ್ಲಿ ಕಸ ಕಟ್ಟಿರುತ್ತದೆ, ಬಿಸಿನೀರು ಬಿಡಿ ಎಂದು ಹೇಳಿದೆ. ಗೇಜು ನನ್ನ ಜೊತೆಗೇ ಬಂತು.

ಅಂಟಿನ ಉಂಡಿಯನ್ನು ಜರ್ಮನಿಯವರು ತೆರೆದು, ಮೂಸಿ, ಮುಚ್ಚಿದರು. ಏನೂ ಕೇಳಲಿಲ್ಲ.

ಮೊದಲ ದಿನ

ನಾಗವೇಣಿಯ ಊರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಲು ಮೂರು ಸಲ ನೋಡಿದೆ, ಆಗಲಿಲ್ಲ. ಸಣ್ಣ ಊರು. ಬೀದಿಯಲ್ಲಿ ಮನುಷ್ಯರಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಕಡೆ ಬೆಳಗಿನ ಆರು ಗಂಟೆಗೆ ಇರುವಷ್ಟು ಬೆಳಕು ಇತ್ತು. ಹೊರಗಿನ ನೀರಿನ ತೊಟ್ಟಿ ಮೇಲೆ ಗಟ್ಟಿಯಾಗಿತ್ತು. ಬೆರಳಿನಿಂದ ಒತ್ತಿ ನೋಡಿದೆ. ಖರೇ ಗಟ್ಟಿಯಾಗಿತ್ತು.

ಬಾಯ್ಲರು ಸತ್ತ ಮೇಲೆ ಕೋಣೆಗೊಂದು ಕರೆಂಟಿನ ಹೀಟರು ಇಟ್ಟುಕೊಂಡಿದ್ದರು. ಹೀಟರು ನಡೆದಿರುವಾಗ ಚಹಾಕ್ಕೆ ನೀರು ಕಾಯಿಸಿದರೆ ಕರೆಂಟು ಹೋಗುತ್ತಿತ್ತು. ಮೊದಲ ದಿನವೇ ಹೋಯಿತು. ಆ ಮಬ್ಬಿನಲ್ಲಿ ಮೂವರೂ ಕೂತೆವು. ನನಗೆ ಊರಿಗೆ ಬಂದಷ್ಟು ಸಮಾಧಾನವಾಯಿತು.

ಮಲ್ಲಪ್ಪನವರು ಹೀಟ್ ಪಂಪನ್ನು ನಂಬಿರಲಿಲ್ಲ.

"ಅಣ್ಣಾರ, ಹೊರಗ ನೀರು ಕಲ್ಲಾಗ್ಯದ. ಅಂಥ ಗಾಳ್ಯಾಗ ಬಿಸಿ ಎಲ್ಲಿಂದ ಬರ್ತದ್ರಿ?"

ನಾನು ಅವರ ಕೈ ಹಿಡಿದು ಅಡುಗೆಮನೆಯ ಫ್ರಿಜ್ಜಿನ ಪಕ್ಕಕ್ಕೆ ಒತ್ತಿದೆ. "ಬಿಸಿ ಅದನೋ ಇಲ್ಲೋ?"

"ಅದ."

"ಒಳಗ ಬರ್ಫ್ ಅದನೋ ಇಲ್ಲೋ?"

"ಅದ."

"ಬರ್ಫದಾಗಿನ ಬಿಸಿನೇ ಅದು."

ಅವರು ಕೈ ತೆಗೆಯದೆ ಸ್ವಲ್ಪ ಹೊತ್ತು ನಿಂತರು. "ಶಹಾಪುರದವ್ರು ಹೇಳಿದ್ರ ನಂಬಬೇಕೋ ಬ್ಯಾಡೋ ತಿಳ್ಯಂಗಿಲ್ರಿ. ಆದ್ರ ಕೈ ಬೆಚ್ಚಗಾತು" ಎಂದರು.

ಆ ಸಂಜೆ ನಾಗವೇಣಿ ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಮಲ್ಲಪ್ಪನವರು ಡ್ಯೂಟಿಗೆ ಹೋಗಿದ್ದರು. ನಾಲ್ಕೂಕಾಲಿಗೇ ಹೊತ್ತು ಮುಳುಗಿತು. ನಾನು ದೀಪ ಹಚ್ಚಿ, ಊದಿನಕಡ್ಡಿ ಹಚ್ಚಿ, ತಲಬಾಗಿಲು ತೆರೆದು, ಎರಡು ಸ್ವೆಟರಿನ ಮೇಲೆ ಮಲ್ಲಪ್ಪನವರ ಕೋಟು ಹಾಕಿಕೊಂಡು ಹೊಸ್ತಿಲ ಒಳಗೆ ಕೂತೆ. ನಮ್ಮಲ್ಲಿ ಹೊತ್ತು ಮುಳುಗಿದರೆ ಒಂದು ಬೀಡಿ ಸೇದುವಷ್ಟರಲ್ಲಿ ಕತ್ತಲು. ಅಲ್ಲಿ ಕತ್ತಲು ಸಹ ಕ್ಯೂನಲ್ಲಿ ನಿಂತು ಬರುತ್ತದೆ. ಪೂರಾ ಕತ್ತಲಾಗಲು ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಬಾಗಿಲು ಹಾಕಿ ಚಹಾ ಮಾಡಲು ಹೋದೆ. ಕರೆಂಟು ಹೋಯಿತು.

ಥೋಮಾಸ್

ಮರುದಿನ ಸಲಹೆಗಾರ ಬಂದ. ಥೋಮಾಸ್ ಎಂದು ಹೆಸರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹತ್ತು ಗಂಟೆಗೆ ಬರುತ್ತೇನೆ ಎಂದವನು ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಮನೆ ಮುಂದೆ ಕಾರು ನಿಲ್ಲಿಸಿ ಒಳಗೇ ಕೂತಿದ್ದ. ಚಹಾಕ್ಕೆ ಕರೆಯೋಣ ಎಂದು ನಾನು ಹೊರಟರೆ ನಾಗವೇಣಿ ತಡೆದಳು. "ಬ್ಯಾಡಣ್ಣಾ. ಅವರ ಟೈಮ್ ಆಗಿಲ್ಲ." ಸರಿಯಾಗಿ ಹತ್ತಕ್ಕೆ ಗಂಟೆ ಒತ್ತಿದ. ನಮ್ಮ ಕಡೆ ಯಾರಾದರೂ ಹತ್ತಕ್ಕೆ ಬರುತ್ತೇನೆಂದು ಹತ್ತಕ್ಕೇ ಬಂದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಗಾಬರಿಯಾಗುತ್ತೇವೆ.

ನಾಗವೇಣಿ ಅವನ ಮಾತನ್ನು ನನಗೆ ಹೇಳಿದಳು. ಅದರ ಸಾರ ಇಷ್ಟು. ಒಂದು ಥರದ ಪಂಪು ಗಾಳಿಯಿಂದ ಬಿಸಿ ತೆಗೆಯುತ್ತದೆ. ಕೂಲರಿನ ಹಾಗೆ ಹೊರಗೆ ಇಡುವುದು. ಸಣ್ಣದಾದರೆ ಅಂಗಡಿಯಲ್ಲಿ ಸಿದ್ಧವಿದೆ, ಕ್ರಿಸ್‌ಮಸ್ ಹಬ್ಬದ ರಜೆಗೆ ಮುಂಚೆ ಕೂಡಿಸಿ ಕೊಡುತ್ತಾರೆ. ಇನ್ನೊಂದು ಥರದ್ದು ನೆಲದಿಂದ ಬಿಸಿ ತೆಗೆಯುತ್ತದೆ, ಅದಕ್ಕೆ ಬೋರು ಕೊರೆಯಬೇಕು. ಅದರ ಪರವಾನಗಿ, ಕೊರೆಯುವವರು ಸಿಗುವುದು, ಎಲ್ಲ ಸೇರಿ ಏಪ್ರಿಲ್ ಆಗುತ್ತದೆ. ಈ ಮನೆಗೆ ಸಣ್ಣದು ಸಾಕಾಗುತ್ತದೋ ಇಲ್ಲವೋ ಮೊದಲು ಅಳೆಯಬೇಕು. ಸಾಕಾಗದಿದ್ದರೆ ಗಾಳಿಯದ್ದೇ ದೊಡ್ಡದು ಇಡಲು ಬರುವುದಿಲ್ಲ. ಪಕ್ಕದ ಮನೆ ಹತ್ತಿರವಿದೆ, ಸದ್ದಿಗೆ ಕಾನೂನು ಒಪ್ಪುವುದಿಲ್ಲ. ಆಗ ಬೋರೇ ಗತಿ.

ನಾಗವೇಣಿ ಇಷ್ಟು ಹೇಳಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಅಂದ್ರ ಸಣ್ಣದು ಬಂದ್ರ ಕೂಸು ಬೆಚ್ಚಗ ಇರ್ತದ. ಇಲ್ಲಾಂದ್ರ ಏಪ್ರಿಲ್‌ತನಕ ಈ ಹೀಟರ್ ಮುಂದ ಹಿಡಕೊಂಡು ಕುಂಡ್ರಬೇಕು."

ಥೋಮಾಸ್ ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಯಂತ್ರಗಳನ್ನು ಕೋಣೆಗೊಂದರಂತೆ ಇಟ್ಟ. ಅವು ಗಳಿಗೆಗಳಿಗೆಗೂ ಕೋಣೆ ಎಷ್ಟು ಬೆಚ್ಚಗಿದೆ ಎಂದು ಬರೆದುಕೊಳ್ಳುತ್ತವೆ. ಏಳು ದಿನ ಬಿಟ್ಟು, ಹೀಟರುಗಳು ತಿಂದ ಕರೆಂಟಿನ ಜೊತೆ ತಾಳೆ ನೋಡಿದರೆ ಮನೆ ಎಷ್ಟು ಸೋರುತ್ತದೆ ಎಂದು ತಿಳಿಯುತ್ತದೆ. "ಏಳೂ ದಿನ ಯಾವಾಗಲೂ ಇರುವ ಹಾಗೇ ಇರಿ" ಎಂದು ಹೇಳಿ ಹೋದ. ನಾವು ಹಾಗೇ ಇದ್ದೆವು.

ಹತ್ತು ರೂಪಾಯಿ ನೋಟು

ಉಸ್ತಾದರ ಮಾತಿನಂತೆ ಮೊದಲು ಬಾಗಿಲು ನೋಡಿದೆ. ಫ್ರಿಜ್ಜಿನ ಬಾಗಿಲ ರಬ್ಬರು ಹೋಗಿದೆಯೋ ಎಂದು ನೋಡಲು ನಾವು ಒಂದು ನೋಟು ಇಟ್ಟು ಬಾಗಿಲು ಹಾಕಿ ಎಳೆಯುತ್ತೇವೆ. ಸರಾಗ ಬಂದರೆ ರಬ್ಬರು ಸತ್ತಿದೆ, ಬಿಗಿಯಾಗಿ ಬಂದರೆ ಜೀವ ಇದೆ. ಜೇಬಿನಲ್ಲಿ ಊರಿನ ಹತ್ತು ರೂಪಾಯಿ ನೋಟು ಇತ್ತು. ಎರಡು ದಿನ ಆ ಮನೆಯ ಹದಿನಾರು ಕಿಟಕಿ, ಮೂರು ಬಾಗಿಲಿಗೆ ನಾಲ್ಕೂ ಕಡೆ ನೋಟು ಇಟ್ಟು ಎಳೆದೆ. ಎಲ್ಲ ಬಿಗಿ. ತಲಬಾಗಿಲಿನಲ್ಲಿ ನೋಟು ಹರಿದೇ ಹೋಯಿತು. ಅಷ್ಟು ಒಳ್ಳೆಯ ರಬ್ಬರನ್ನು ನಾನು ಯಾವ ಫ್ರಿಜ್ಜಿನಲ್ಲೂ ಕಂಡಿಲ್ಲ.

"ಈ ಮನಿ ಸೋರಂಗಿಲ್ಲ ನಾಗೀ. ಸಣ್ಣದೇ ಸಾಕು" ಎಂದು ಮಾತು ಕೊಟ್ಟೆ. ಅವಳು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಪಕ್ಕದ ಮನೆಯಲ್ಲಿ ಹಿಲ್ಡಾ ಎಂಬ ಅಜ್ಜಿ. ಬೆಳಿಗ್ಗೆ ಆ ಚಳಿಯಲ್ಲಿ ಮನೆಯ ಅಷ್ಟೂ ಕಿಟಕಿ ತೆರೆದು, ಗಡಿಯಾರ ನೋಡುತ್ತ ಐದು ನಿಮಿಷ ನಿಂತು, ಅಷ್ಟನ್ನೂ ಮುಚ್ಚುತ್ತಾಳೆ. ಆ ದೇಶದಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ, ಕೆಟ್ಟ ಗಾಳಿ ಹೋಗಲಿ ಎಂದು. ನಮ್ಮ ಹಾಗೆ ಇವರಿಗೂ ಬಾಗಿಲು ತೆಗೆಯುವ ಪದ್ಧತಿ ಇದೆಯಲ್ಲ ಎಂದು ನನಗೆ ಸಂತೋಷವಾಯಿತು. ಸಂಜೆ ನಾನು ಹೊಸ್ತಿಲಲ್ಲಿ ಕೂತಾಗ ಅವಳು ನಾಯಿ ಹಿಡಿದುಕೊಂಡು ಹೋಗುತ್ತಿದ್ದಳು. ನನ್ನನ್ನು ನೋಡಿ ನಿಂತು, ತನ್ನ ಕೈಗಡಿಯಾರದ ಮೇಲೆ ಬೆರಳು ಬಡಿಯುತ್ತಿದ್ದಳು. ನಾನು ಫೋನು ನೋಡಿ ಟೈಮು ತೋರಿಸುತ್ತಿದ್ದೆ. ಮೂರು ದಿನ ಹೀಗೇ ಆಯಿತು. ಪಾಪ, ವಯಸ್ಸಾಗಿದೆ, ಮುಳ್ಳು ಕಾಣುವುದಿಲ್ಲವೇನೋ ಎಂದುಕೊಂಡೆ.

ಬುಧವಾರ, ಬೋರು

ಥೋಮಾಸ್ ಬುಧವಾರ ಮಧ್ಯಾಹ್ನ ನನ್ನನ್ನೂ ಮಲ್ಲಪ್ಪನವರನ್ನೂ ಒಂದು ತಾಸಿನ ದಾರಿ ದೂರದ ಹಳ್ಳಿಗೆ ಕರೆದೊಯ್ದ. ಅಲ್ಲಿ ಒಂದು ಮನೆಗೆ ನೆಲದ ಬಿಸಿಗಾಗಿ ಬೋರು ಕೊರೆಯುತ್ತಿದ್ದರು. ಯಂತ್ರ ನಮ್ಮ ಕಡೆಯದ್ದೇ ಥರ, ಸದ್ದು ಮಾತ್ರ ಸಣ್ಣದು.

ನಾನು ಬೋರು ನೋಡಿ ಬೆಳೆದವನು. ಕೊಂಕಲ್‌ನಲ್ಲಿ ನಮ್ಮ ಸೋದರಮಾವ ಕೊರೆಸಿದಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ತಿರುಗಿದ್ದರು. ಅದು ಎದ್ದು ನಿಂತ ಕಡೆ ಪೂಜೆ ಮಾಡಿದ್ದರು. ಕೊರೆಯುವಾಗ ಯಾರೂ ಮಾತಾಡುತ್ತಿರಲಿಲ್ಲ. ಇಲ್ಲಿ ತೆಂಗಿನಕಾಯಿ ಇಲ್ಲ. ಒಬ್ಬ ಸೇಬು ತಿನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ತೂತಿನಿಂದ ನೀರು ಚಿಮ್ಮಿತು, ಒಳ್ಳೆಯ ನೀರು.

"ಬಂತು!" ಎಂದು ನಾನೂ ಮಲ್ಲಪ್ಪನವರೂ ಒಟ್ಟಿಗೇ ಕೂಗಿದೆವು. ನಾನು ಬೂಟು ಬಿಚ್ಚಿ, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಸೇಬು ತಿನ್ನುತ್ತಿದ್ದವನು ಯಂತ್ರ ನಿಲ್ಲಿಸಿ, ಯಾರಿಗೆ ಪೆಟ್ಟಾಯಿತು ಎಂದು ಓಡಿಬಂದ.

"ನೀರು ಬಂತು" ಎಂದು ಮಲ್ಲಪ್ಪನವರು ಜರ್ಮನ್ ಭಾಷೆಯಲ್ಲಿ ಹೇಳಿದರು.

"ಹೌದು, ನೀರು" ಎಂದ ಅವನು. ಹೋಗಿ ಮತ್ತೆ ಯಂತ್ರ ಹಚ್ಚಿದ. ಅವರಿಗೆ ಬೇಕಾದದ್ದು ನೀರಲ್ಲ, ತೂತು. ಬಂದ ನೀರನ್ನು ಪೈಪಿನಲ್ಲಿ ಪಕ್ಕಕ್ಕೆ ಬಿಟ್ಟರು. ಕಾರು ಹೊರಟ ಮೇಲೂ ಮಲ್ಲಪ್ಪನವರು ಹಿಂದೆ ತಿರುಗಿ ಆ ನೀರನ್ನೇ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ, "ಸುರಪುರದಾಗ ಹೇಳಿದ್ರ ನಮ್ಮಪ್ಪ ನಂಬಂಗಿಲ್ರಿ" ಎಂದರು. ಮನೆ ಮುಟ್ಟಿದಾಗ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ನಾಗವೇಣಿ ಮಲಗಿಯೇ ಇದ್ದಳು. ಆ ದಿನದ ದೀಪ ತಪ್ಪಿಹೋಯಿತು.

ಎಂಟನೇ ದಿನ

ಥೋಮಾಸ್ ಹತ್ತು ನಿಮಿಷ ಕಾರಿನಲ್ಲಿ ಕೂತು, ಗಂಟೆ ಒತ್ತಿ ಒಳಗೆ ಬಂದ. ಕಡ್ಡಿಪೆಟ್ಟಿಗೆಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಚ್ಚಿದ. ಬಹಳ ಹೊತ್ತು ನೋಡಿದ. ಮುಖ ಸಪ್ಪಗಾಯಿತು.

ನಾಗವೇಣಿ ಅವನು ಹೇಳಿದ್ದನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. ದನಿ ಸಣ್ಣಗಾಗಿತ್ತು. "ಕಾಗದದ ಮ್ಯಾಲ ಈ ಮನಿ ಇಷ್ಟು ಸೋರಬಾರ್ದಂತ. ಆದ್ರ ಹೆಚ್ಚೂಕಡಿಮಿ ಎರಡು ಪಟ್ಟು ಸೋರಾಕತ್ತದಂತ. ಸಣ್ಣದು ಸಾಲಂಗಿಲ್ಲಂತ ಅಣ್ಣಾ. ಬೋರೇ ಕೊರಸ್ಬೇಕಂತ."

"ರಬ್ಬರ್ ಎಲ್ಲಾ ಬಿಗಿ ಅದಾವಲ್ಲ!"

"ಹಂಗಂದ್ರ ಗ್ವಾಡಿಯಾಗ ಎಲ್ಲೋ ತೂತು ಅದ ಅಂತಾನ."

ಮಲ್ಲಪ್ಪನವರು ಕಿಟಕಿಯಿಂದ ಹೊರಗೆ ನೋಡುತ್ತ ನಿಂತರು. ನಾಗವೇಣಿ ಹೀಟರನ್ನು ನೋಡುತ್ತಿದ್ದಳು. ಮಾತು ಕೊಟ್ಟವನು ನಾನು. ಥೋಮಾಸ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಮುಂದಿನ ಕೋಣೆಯ ಬಿಸಿ ತೋರಿಸುವ ಗೆರೆ ದಿನವೆಲ್ಲ ನೆಟ್ಟಗೆ ಹೋಗಿ, ಸಂಜೆ ನಾಲ್ಕೂಕಾಲಿಗೆ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದಿತ್ತು. ಮತ್ತೆ ಮೇಲೆ ಬರಲು ರಾತ್ರಿ ಎಂಟಾಗುತ್ತಿತ್ತು. ಆ ಹೊತ್ತಿನಲ್ಲಿ ಹೀಟರು ಕರೆಂಟನ್ನು ಕುಡಿದುಬಿಟ್ಟಿತ್ತು. ಗುರುವಾರ ಹಾಗೆ, ಶುಕ್ರವಾರ ಹಾಗೆ, ಎಲ್ಲ ದಿನ ಹಾಗೆ. ಬುಧವಾರ ಮಾತ್ರ ಗೆರೆ ನೆಟ್ಟಗಿತ್ತು.

ಬಂದು ಬಂದು ಹೋಗುವ ರೋಗ ನಮ್ಮ ಕೆಲಸದಲ್ಲಿ ಬಹಳ ಕೆಟ್ಟದ್ದು. ಆದರೆ ಅದಕ್ಕೂ ಒಂದು ದಾರಿ ಇದೆ. ರೋಗ ಬರದ ದಿನ ಏನು ಬೇರೆ ಇತ್ತು ಎಂದು ನೋಡಬೇಕು. ಬುಧವಾರ ಏನು ಬೇರೆ ಇತ್ತು? ಹೊರಗೆ ಅಷ್ಟೇ ಚಳಿ. ನಾಗವೇಣಿ ಮನೆಯಲ್ಲೇ ಇದ್ದಳು. ಹೀಟರು ಇತ್ತು. ಮಲ್ಲಪ್ಪನವರು ಯಾವ ಸಂಜೆಯೂ ಇರುವುದಿಲ್ಲ. ಮನೆಯಲ್ಲಿ ಇರದೇ ಇದ್ದದ್ದು ಒಂದೇ.

ಉಸ್ತಾದರು ಗೋಗಿಯಲ್ಲಿ ಒಂದು ತಾಸು ಬೆಂಚಿನ ಮೇಲೆ ಕೂತಿದ್ದರು. ಈ ಕಡ್ಡಿಪೆಟ್ಟಿಗೆ ಏಳು ದಿನ ಕೂತಿತ್ತು. ನಾನು ರಬ್ಬರು ನೋಡಿದ್ದೆ, ಬಾಗಿಲು ತೆಗೆಯುವ ಕಾಕಾನನ್ನು ನೋಡಿರಲಿಲ್ಲ.

"ನಾಗೀ, ಅವಂಗ ಹೇಳು, ತೂತು ಸಿಕ್ಕದ."

"ಎಲ್ಲದ?"

"ಇಲ್ಲೇ ಕುಂತದ."

ಎಲ್ಲವನ್ನೂ ಹೇಳಿದೆ. ಅವಳು ಎದ್ದು ನಿಂತಳು. "ಅಣ್ಣಾ! ಹೀಟರ್ ಹಚ್ಚಿ ತಲಬಾಗಲಾ ತಗದಿಟ್ಟಿದ್ದೇನು? ಎಷ್ಟೊತ್ತು?"

"ಬಾಳ ಇಲ್ಲವ್ವ. ನಲವತ್ತು ನಿಮಿಷ."

"ಯಾವಾಗ್ಲೂ ಇರೋಹಂಗ ಇರ್ರಿ ಅಂತ ಅವ ಹೇಳಿ ಹೋಗಿದ್ದಿಲ್ಲೇನು?"

"ನಾ ಯಾವಾಗ್ಲೂ ಹಂಗೇ ಇರೋದು."

ಮಲ್ಲಪ್ಪನವರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಅವರ ಭುಜ ಅಲುಗುತ್ತಿತ್ತು. ನಾಗವೇಣಿ ಇದನ್ನೆಲ್ಲ ಥೋಮಾಸನಿಗೆ ಹೇಳಲು ಬಹಳ ಹೊತ್ತು ತೆಗೆದುಕೊಂಡಳು. ಅವನು ನಗಲಿಲ್ಲ. ಪೆನ್ನು ತೆಗೆದು ಬರೆದುಕೊಂಡ. ಏನೋ ಕೇಳಿದ.

"ಲಕ್ಷ್ಮಿಗಿ ಒಳಗ ಬರಾಕ ಅಂದಾಜು ಎಷ್ಟೊತ್ತು ಬೇಕಾಗ್ತದ ಅಂತ ಕೇಳಾಕತ್ಯಾನ."

ಇಂಥ ಪ್ರಶ್ನೆಯನ್ನು ನಮ್ಮೂರಿನ ಸ್ವಾಮಿಗಳಿಗೂ ಯಾರೂ ಕೇಳಿರಲಿಕ್ಕಿಲ್ಲ. ಗೊತ್ತಿಲ್ಲ ಎಂದೆ. ಬಾಗಿಲು ಐದು ನಿಮಿಷ ತೆರೆದರೆ ಗಾಳಿ ಮಾತ್ರ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ, ಅದಕ್ಕೆ ಮನೆ ಏನೂ ಅನ್ನುವುದಿಲ್ಲ ಎಂದ. ನಲವತ್ತು ನಿಮಿಷವಾದರೆ ಗೋಡೆ, ಕುರ್ಚಿ, ಹಾಸಿಗೆ ಎಲ್ಲ ತಣ್ಣಗಾಗಿ ಮತ್ತೆ ಮೊದಲಿನಿಂದ ಕಾಯಿಸಬೇಕು. ಹಿಲ್ಡಾ ಅಜ್ಜಿಯ ಕೈಗಡಿಯಾರ ಆಗ ನೆನಪಾಯಿತು. ಅವಳಿಗೆ ಮುಳ್ಳು ಚೆನ್ನಾಗಿಯೇ ಕಾಣುತ್ತಿತ್ತು.

ಇನ್ನು ಮೂರು ದಿನ ಬಾಗಿಲು ತೆಗೆಯದೆ ಅಳೆಯೋಣ ಎಂದು ಹೇಳಿ ಅವನು ಹೋದ. ಹೋದ ಮೇಲೆ ನಾಗವೇಣಿ ಸೋಫಾದಲ್ಲಿ ಕೂತು ನನ್ನನ್ನು ನೋಡದೆ ಹೇಳಿದಳು, "ದಿನಾ ಸಂಜಿಕ ಮ್ಯಾಲ ಮಲಗಿದಾಗ ಊದಿನಕಡ್ಡಿ ವಾಸನಿ ಬರ್ತಿತ್ತು. ತಣ್ಣನ ಗಾಳೀನೂ ಬರ್ತಿತ್ತು. ಊರಾಗ ಅಂಗಳದಾಗ ಮಲಗಿದಂಗ ಕನಸು ಬೀಳಾಕತ್ತದ ಅಂತ ತಿಳದಿದ್ದೆ."

ಮುಚ್ಚಿದ ಬಾಗಿಲಿನ ಮೂರು ದಿನ

ಅವ್ವನಿಗೆ ಫೋನಿನಲ್ಲಿ ತಿಳಿಸುವ ಕೆಲಸ ನನಗೇ ಬಂತು.

"ಮೂರು ದಿನ ತಗ್ಯಾಂಗಿಲ್ಲಂದ್ರ ಏನಲೇ ಶರಣ್ಯಾ? ಬಸರ ಹೆಂಗಸು ಮನ್ಯಾಗಿಟ್ಕೊಂಡು!"

"ಮನಿ ಎಷ್ಟು ಸೋರ್ತದಂತ ಅಳ್ಯಾಕತ್ಯಾರವ್ವ. ಆಮ್ಯಾಲ ದಿನಾ ಐದು ನಿಮಿಷ ತಗದ್ರ ನಡೀತದಂತ."

"ಲಕ್ಷ್ಮಿ ಏನು ಬಸ್ಸೇನು, ಸ್ಟ್ಯಾಂಡಿನಾಗ ಐದು ನಿಮಿಷ ನಿಂತು ಹೋಗಾಕ?" ಎಂದಳು. ಆಮೇಲೆ "ಕೂಸಿಗಿ ಬೆಚ್ಚಗಾಗ್ತದೇನು?" ಎಂದು ಕೇಳಿದಳು.

"ಅದಕ್ಕೇ ಅವ್ವ ಇದೆಲ್ಲಾ."

"ಮೂರೇ ದಿನ ಮತ್ತ."

ಮೊದಲ ಸಂಜೆ ದೀಪ ಹಚ್ಚಿ ಮುಚ್ಚಿದ ಬಾಗಿಲಿನ ಎದುರು ಕೂತೆ. ಬಾಕಿ ಕೇಳಲು ಬಂದವರಿಗೆ ಹೆದರಿ ಒಳಗೆ ಅಡಗಿದ ಹಾಗೆ ಅನಿಸಿತು. ಹೊರಗೆ ಹಿಲ್ಡಾ ಅಜ್ಜಿ ಬಂದು ನಿಂತು, ಮುಚ್ಚಿದ ಬಾಗಿಲು ನೋಡಿ, ಗಾಜಿನಿಂದ ನನ್ನನ್ನು ನೋಡಿ, ಹೆಬ್ಬೆರಳು ಎತ್ತಿ ತೋರಿಸಿದಳು. ಎರಡನೇ ಸಂಜೆಯೂ ಹಾಗೇ. ಮೂರನೇ ಸಂಜೆ ನಾಲ್ಕೂವರೆಗೆ ಮೇಲಿನಿಂದ ನಾಗವೇಣಿ ಕೂಗಿದಳು. ಹೆರಿಗೆಗೆ ಇನ್ನೂ ನಾಲ್ಕೈದು ವಾರ ಇತ್ತು. ಆದರೆ ನೋವು ಶುರುವಾಗಿತ್ತು.

ನಾನು ಮೆಟ್ಟಿಲು ಹತ್ತಿ ಓಡಿದೆ. ನಾಗವೇಣಿ ನರ್ಸು, ಅವಳೇ ಆಂಬುಲೆನ್ಸಿಗೆ ಫೋನ್ ಮಾಡಿ, ಅವಳೇ ಚೀಲ ತೋರಿಸಿ, ನನಗೆ ನೀರು ಕುಡಿಯಲು ಹೇಳಿದಳು. ನಾನು ಮನಸ್ಸಿನಲ್ಲಿ ಒಂದನ್ನೇ ಅಂದುಕೊಳ್ಳುತ್ತಿದ್ದೆ. ಏನಾದರೂ ಹೆಚ್ಚುಕಡಿಮೆಯಾದರೆ ಮೂರು ದಿನ ಬಾಗಿಲು ಮುಚ್ಚಿದ್ದು ನಾನು. ಆಂಬುಲೆನ್ಸಿನವರು ಬಂದು ತಲಬಾಗಿಲನ್ನು ಅಗಲಕ್ಕೆ ತೆರೆದಿಟ್ಟರು. ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು. ನಾನೂ ಜೊತೆಗೆ ಹತ್ತಿದೆ. ಬಾಗಿಲು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಹಿಲ್ಡಾ ಅಜ್ಜಿ ಬಂದು ಹಾಕಿದಳಂತೆ.

ರಾತ್ರಿ ಹೆಣ್ಣುಮಗು ಹುಟ್ಟಿತು. ಅಂಗೈ ಎರಡು ಜೋಡಿಸಿದಷ್ಟು. ಆರೋಗ್ಯವಾಗಿತ್ತು. ಸಣ್ಣದಾದ್ದರಿಂದ ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತೂಕ ಬಂದ ಮೇಲೆ, ಮನೆ ಎಲ್ಲ ಹೊತ್ತೂ ಒಂದೇ ಸಮ ಬೆಚ್ಚಗಿದ್ದರೆ ಮಾತ್ರ ಕಳಿಸುತ್ತೇವೆ ಎಂದರು. ಹಬ್ಬದ ರಜೆ ಹತ್ತು ದಿನದಲ್ಲಿತ್ತು. ಆಮೇಲೆ ಆ ದೇಶದಲ್ಲಿ ಯಾವ ಮೇಸ್ತ್ರಿಯೂ ಪಾನಾ ಮುಟ್ಟುವುದಿಲ್ಲ.

ಮರುದಿನ ಥೋಮಾಸ್ ಬಂದ. ಎರಡು ದಿನ ಗೆರೆ ಸಣ್ಣ ಮಗುವಿನ ಹಣೆಯ ಹಾಗೆ ನುಣ್ಣಗಿತ್ತು. ಮೂರನೇ ದಿನ ಮಾತ್ರ ಸಂಜೆ ಒಂದು ಇಳಿತ. ಅವನು ಅದರ ಮೇಲೆ ಬೆರಳಿಟ್ಟು ನನ್ನನ್ನು ಅನುಮಾನದಿಂದ ನೋಡಿದ.

"ನಾನಲ್ಲ" ಎಂದೆ. ಮಲ್ಲಪ್ಪನವರು ವಿವರಿಸಿದರು. ಅದು ನಾಗವೇಣಿ ಆಸ್ಪತ್ರೆಗೆ ಹೋದದ್ದು.

ಥೋಮಾಸ್ ಎದ್ದು ಮಲ್ಲಪ್ಪನವರ ಕೈ ಕುಲುಕಿ, ನನ್ನ ಕೈಯನ್ನೂ ಕುಲುಕಿ, ಆ ಇಳಿತವನ್ನು ಲೆಕ್ಕದಿಂದ ತೆಗೆದ. ಸಣ್ಣದೇ ಸಾಕು ಎಂದ.

ಉಲ್ಟಾ ಫ್ರಿಜ್ಜು

ನಾಲ್ಕು ದಿನ ಇಬ್ಬರು ಮೇಸ್ತ್ರಿಗಳು ಕೆಲಸ ಮಾಡಿದರು. ಪಂಪು ನಮ್ಮ ದೊಡ್ಡ ಕೂಲರಿನಷ್ಟು ಇತ್ತು. ನಾನು ನನ್ನ ಗೇಜು ತೋರಿಸಿದೆ, ಅವರು ತಮ್ಮದು ತೋರಿಸಿದರು. ಅವರದ್ದಕ್ಕೆ ಮುಳ್ಳೇ ಇಲ್ಲ, ಅಂಕಿ ಬರುತ್ತದೆ. ಒಬ್ಬ ನನ್ನ ಗೇಜನ್ನು ಕೈಯಲ್ಲಿ ಹಿಡಿದು, ನಮ್ಮ ತಂದೆಯ ಹತ್ತಿರವೂ ಇಂಥದ್ದಿತ್ತು ಎಂದ. ಅಂಟಿನ ಉಂಡಿ ಎರಡೆರಡು ಕೊಟ್ಟೆ. ಬಾಣಂತಿಯದು ಎಂದು ಹೇಳಲಿಲ್ಲ.

ರಜೆಗೆ ಎರಡು ದಿನ ಮುಂಚೆ ಪಂಪು ಶುರುವಾಯಿತು. ಹೊರಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಪೈಪು ಮುಟ್ಟಿ ನೋಡಿದೆ. ಮಲ್ಲಪ್ಪನವರೂ ಮುಟ್ಟಿದರು.

"ಶಹಾಪುರದವ್ರನ್ನ ಇನ್ನ ನಂಬ್ತೀನ್ರಿ" ಎಂದರು. "ಬಾಗಲಾ ಒಂದು ಬಿಟ್ಟು."

ಮಗುವನ್ನು ಕಳಿಸುವ ದಿನ ಆಸ್ಪತ್ರೆಯಲ್ಲಿ ಕಾಗದಪತ್ರ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ನಾನು ಮನೆಯಲ್ಲಿ ದೀಪ ಹಚ್ಚಿ, ಫೋನಿನಲ್ಲಿ ಅವ್ವನನ್ನು ಎದುರಿಗೆ ಇಟ್ಟುಕೊಂಡು ಕಾಯುತ್ತಿದ್ದೆ. ಕಾರು ಬಂತು. ಹಿಲ್ಡಾ ಅಜ್ಜಿ ನಾಯಿಯ ಜೊತೆ ಗೇಟಿನಲ್ಲಿ ನಿಂತಳು, ಕೈಗಡಿಯಾರ ನೋಡಿಕೊಂಡಳು. ನಾನು ತಲಬಾಗಿಲು ತೆರೆದೆ. ಮಲ್ಲಪ್ಪನವರು ಒಂದು ಕಡೆ ಹಿಡಿದುಕೊಂಡರು. ನಾಗವೇಣಿ ಮಗುವನ್ನು ಎದೆಗೆ ಒತ್ತಿಕೊಂಡು ಬಲಗಾಲು ಒಳಗಿಟ್ಟು ಬಂದಳು. ಫೋನಿನಲ್ಲಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಬಾಗಿಲು ಹಿಡಿದು ಇನ್ನೂ ಹೊರಗೆ ನೋಡುತ್ತ ನಿಂತಿದ್ದೆ. ಕತ್ತಲಾಗಲು ಇನ್ನೂ ಅರ್ಧ ತಾಸು ಇತ್ತು.

"ಶರಣ್ಯಾ, ಇನ್ನ ಯಾರ ದಾರಿ ನೋಡ್ತಿ?" ಎಂದಳು ಅವ್ವ. "ಬಂದ್ಲಲ್ಲ. ಬಾಗಲಾ ಹಾಕು."

ಹಾಕಿದೆ.

ಓದಿದವರಲ್ಲಿ ಯಾರಾದರೂ ಪರದೇಶಕ್ಕೆ ಹೋಗಿ, ನಮ್ಮ ಮನೆಯ ಪದ್ಧತಿಯಿಂದಲೇ ಅಲ್ಲಿಯವರ ಯಂತ್ರಕ್ಕೆ ತಲೆ ಕೆಡಿಸಿದ್ದರೆ ದಯವಿಟ್ಟು ಬರೆದು ತಿಳಿಸಿ. ನಾನೊಬ್ಬನೇ ಅಲ್ಲ ಎಂದು ಮಲ್ಲಪ್ಪನವರಿಗೆ ತೋರಿಸಬೇಕಾಗಿದೆ. ನಿಧಾನವಾಗಿ ಬರೆದರೂ ಅಡ್ಡಿಯಿಲ್ಲ, ನಾನೂ ನಿಧಾನವಾಗಿಯೇ ಓದುತ್ತೇನೆ.